ಕಾಫೀಪಾನವೂ ಬೀಜದೋಷವೂ: ಮಧುಮೇಹದ ವಿಷಯವಾಗಿ ಒಂದು ಐತಿಹಾಸಿಕ ವಿವೇಚನೆ

೧

ಭದ್ರಾನದಿಯು ಬಾಳೆಹೊನ್ನೂರಿನ ಕಾಫೀತೋಟಗಳ ಸೀಮೆಯಲ್ಲಿ ಹರಿದು, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ತುಂಗಭದ್ರೆಯೆಂಬ ಹೆಸರನ್ನು ಪಡೆದು, ಹರಿಹರವನ್ನು ದಾಟಿ ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಮುಂದೆ ಸಾಗುತ್ತದೆ. ಆ ತಾಲ್ಲೂಕಿನ ಮೇಡ್ಲೇರಿಯೇ ಮೊದಲಾದ ಗ್ರಾಮಗಳ ಸೀಮೆಗೆ ಕಾಫಿಯ ಬೆಟ್ಟಗಳ ನೀರು ಹೀಗೆ ತಾನಾಗಿ ಬಂದು ಸೇರುವುದು. ಆದರೆ ಕಾಫಿಯು ಅಲ್ಲಿಯ ಮನೆಗಳ ನಿತ್ಯಪಾನವಾಗಲಿಲ್ಲ. ಆ ಸ್ಥಾನವನ್ನು ಚಹಾ ಪಡೆಯಿತು. ಇದಕ್ಕೆ ಕಾರಣವು ರಾಜ್ಯಚರಿತ್ರೆಯಲ್ಲಿದೆ. ೧೯೫೬ರವರೆಗೆ ರಾಣೇಬೆನ್ನೂರು ತಾಲ್ಲೂಕು ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ವ್ಯಾಪಾರವೂ ರೂಢಿಯೂ ಉತ್ತರದಿಕ್ಕಿನಿಂದ ಬಂದುವು. ಮೈಸೂರು ಸೀಮೆಯವರು ಲೋಟದಲ್ಲಿ ಕಾಫಿಯನ್ನು ಕುಡಿದರೆ, ಧಾರವಾಡ ಸೀಮೆಯವರು ಕಪ್ಪು ಬಸಿಗಳಲ್ಲಿ ಚಹಾವನ್ನು ಕುಡಿದರು. ೧೯೯೭ರಲ್ಲಿ ಹಾವೇರಿ ಜಿಲ್ಲೆಯು ರಚಿತವಾದ ಮೇಲೆಯೂ ಈ ರೂಢಿಯು ಉಳಿದುಬಂದಿದೆ.

ಪಾನಗಳಿಗೆ ಹೀಗೆ ಎಲ್ಲೆಯುಂಟಾದರೂ ವ್ಯಾಧಿಗೆ ಎಲ್ಲೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಭಾರತದ ಪ್ರೌಢರಲ್ಲಿ ಶೇಕಡ ೧೧.೪ ಮಂದಿಗೆ ಮಧುಮೇಹವುಂಟು. ಪಟ್ಟಣಗಳಲ್ಲಿ ಶೇಕಡ ೧೬.೪, ಹಳ್ಳಿಗಳಲ್ಲಿ ಶೇಕಡ ೮.೯. ಆದರೆ ಮಧುಮೇಹಕ್ಕೆ ಪೂರ್ವರೂಪವಾದ ಸ್ಥಿತಿಯು ಹಳ್ಳಿ ಪಟ್ಟಣಗಳೆರಡರಲ್ಲಿಯೂ ಹೆಚ್ಚು ಕಡಮೆ ಸಮವಾಗಿ, ಶೇಕಡ ೧೫ರಷ್ಟು ಕಂಡುಬಂದಿದೆ. ಆದುದರಿಂದ ಇದನ್ನು ಪಟ್ಟಣವಾಸಿಗಳ ರೋಗವೆಂದು ತಳ್ಳಿಬಿಡುವಂತಿಲ್ಲ.

ಇಂಥ ಕಾಲದಲ್ಲಿ, ಕಾಫಿಯನ್ನು ಕುಡಿಯುವವರಿಗೆ ಮಧುಮೇಹವು ವಿರಳವೆಂಬ ಒಂದು ಮಾತು ಲೋಕದಲ್ಲಿ ಹರಡಿದೆ. ತಂದೆತಾಯಿಗಳಿಗೆ ಈ ವ್ಯಾಧಿಯಿದ್ದವರು ಈ ಮಾತನ್ನು ಕೇಳಿ ಆಶೆಗೊಳ್ಳುವುದು ಸಹಜ. ಈ ಮಾತಿಗೆ ಪ್ರಮಾಣವೇನು? ಆ ಪ್ರಮಾಣವು ಯಾವ ದೇಶದಲ್ಲಿ, ಯಾವ ರೀತಿಯಿಂದ ದೊರೆಯಿತು? ಬೀಜದಿಂದಲೇ ರೋಗವು ಬರುವ ಮನೆತನದವರಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುವುದು? ಇವುಗಳ ವಿಚಾರವೇ ಈ ಪ್ರಬಂಧದ ವಿಷಯ.

೨

ಕಾಫಿಯು ಕನ್ನಡನಾಡಿಗೆ ಬಂದುದು ಬೀಜರೂಪದಿಂದ. ಮಕ್ಕಾಯಾತ್ರೆಯಿಂದ ಹಿಂದಿರುಗುತ್ತಿದ್ದ ಬಾಬಾ ಬುಡನ್ ಎಂಬ ಸಂತರು ಏಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಕಾಲವು ಸುಮಾರು ೧೬೭೦ ಎಂದು ಹೇಳುವುದು ವಾಡಿಕೆ. ಅದಕ್ಕೆ ಪೂರ್ವದ ಕನ್ನಡ ಗ್ರಂಥಗಳಲ್ಲಿ ಈ ಪಾನದ ಪ್ರಸಕ್ತಿಯನ್ನು ನಿರೀಕ್ಷಿಸುವಂತಿಲ್ಲ. ಮೂರನೆಯ ಮಂಗರಸನ ಸೂಪಶಾಸ್ತ್ರವು ಹದಿನಾರನೆಯ ಶತಮಾನದ ಆದಿಭಾಗದ್ದು. ಅದರಲ್ಲಿ ಪಾನಕಗಳಿಗೆ ಸ್ಥಾನವುಂಟು, ಕಾಫಿಗೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಂಗ್ಲೇಯರು ಚಿಕ್ಕಮಗಳೂರು ಸೀಮೆಯಲ್ಲಿ ದೊಡ್ಡ ತೋಟಗಳನ್ನು ಮಾಡತೊಡಗಿದರು. ಅನಂತರ ಹಾಸನ, ಕೊಡಗು ಸೀಮೆಗಳಲ್ಲಿಯೂ ಬೆಳೆಯು ಹಬ್ಬಿತು. ಇಂದು ಭಾರತದ ಕಾಫಿಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಕರ್ನಾಟಕದ್ದು.

ಈ ಗಿಡದ ಚರಿತ್ರೆಯಲ್ಲಿಯೇ ಪ್ರಕೃತ ವಿಷಯಕ್ಕೆ ಉಪಯುಕ್ತವಾದ ಒಂದು ಪಾಠವುಂಟು. ೧೮೬೯ರಲ್ಲಿ ಸಿಂಹಳದ್ವೀಪದ ಕಾಫೀತೋಟಗಳಿಗೆ ಎಲೆಯ ತುಕ್ಕುರೋಗವು ತಗಲಿ, ಕಾಲಕ್ರಮದಲ್ಲಿ ಅಲ್ಲಿಯ ಕಾಫೀಬೆಳೆಯನ್ನು ಬಹುಮಟ್ಟಿಗೆ ನಿರ್ಮೂಲಮಾಡಿತು. ಕನ್ನಡನಾಡಿನ ತೋಟಗಳಿಗೂ ಅದು ಬಂದಿತು. ಮೈಸೂರು ಸರಕಾರವು ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫೀ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿತು. ತುಕ್ಕನ್ನು ತಡೆಯುವ ಬೀಜವನ್ನು ಆರಿಸಿ ಬೆಳಸುವುದು ಅಲ್ಲಿಯ ಮುಖ್ಯ ಕಾರ್ಯಗಳಲ್ಲಿ ಒಂದಾಯಿತು. ಒಂದೇ ಬೆಟ್ಟ, ಒಂದೇ ಮಳೆ, ಒಂದೇ ನೆರಳು. ಆದರೂ ಒಂದು ಗಿಡಕ್ಕೆ ರೋಗವು ಬೇಗ ತಗಲುವುದು, ಮತ್ತೊಂದು ತಡೆದು ನಿಲ್ಲುವುದು. ಹಾಗೆಂದು ಬೀಜವೊಂದೇ ಕಾರಣವೂ ಅಲ್ಲ. ತೇವ, ನೆರಳು, ಗೊಬ್ಬರಗಳೂ ಕಾರಣಗಳೇ. ತೋಟಗಾರನು ಈ ಎರಡನ್ನೂ ಕೂಡಿಸಿಯೇ ಯೋಚಿಸುತ್ತಾನೆ. ಸಂಕರಬೀಜಗಳ ಉತ್ಪಾದನೆಗೆ ಹೆಸರಾದ ರಾಣೇಬೆನ್ನೂರು ಸೀಮೆಯ ರೈತರಿಗೂ ಈ ತತ್ತ್ವವು ಹೊಸದಲ್ಲ.

೩

ಮನುಷ್ಯನ ಮಧುಮೇಹದಲ್ಲಿ ಬೀಜಕ್ಕೆ ಎಷ್ಟು ಪಾಲು, ಆಚಾರಕ್ಕೆ ಎಷ್ಟು ಪಾಲು ಎಂಬ ಪ್ರಶ್ನೆಯು ಅತ್ಯಂತ ಪ್ರಾಚೀನವಾದುದು. ಆಯುರ್ವೇದದಲ್ಲಿ ಪ್ರಮೇಹಗಳು ೨೦. ಕಫದಿಂದ ೧೦, ಪಿತ್ತದಿಂದ ೬, ವಾತದಿಂದ ೪. ಮಧುಮೇಹವು ವಾತಜಗಳಲ್ಲಿ ಸೇರಿದುದು. ಉಪೇಕ್ಷಿಸಿದರೆ ಎಲ್ಲ ಪ್ರಮೇಹಗಳೂ ಕಾಲಕ್ರಮದಲ್ಲಿ ಮಧುಮೇಹವಾಗಿ ಪರಿಣಮಿಸುವುವೆಂದು ಸುಶ್ರುತನ ಮತ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಈ ವ್ಯಾಧಿಯನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡಾಗಿ ವಿಭಾಗಿಸಿದೆ. ಮೊದಲನೆಯದು ತಂದೆತಾಯಿಗಳ ಬೀಜದೋಷದಿಂದ ಬಂದುದು. ಎರಡನೆಯದು ಅಹಿತವಾದ ಆಹಾರದಿಂದ ಹುಟ್ಟಿದುದು. ಸಹಜದ ರೋಗಿಯು ಕೃಶನು, ಮಿತಾಹಾರಿ. ಅಪಥ್ಯನಿಮಿತ್ತದ ರೋಗಿಯು ಸ್ಥೂಲನು, ಬಹುಭೋಜಿ, ಆಸನಶಯನಗಳಲ್ಲಿ ಆಸಕ್ತನು. ಚರಕಸಂಹಿತೆಯೂ ಸುಖವಾಗಿ ಕುಳಿತಿರುವುದನ್ನೂ ಸುಖನಿದ್ರೆಯನ್ನೂ ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ವಿಕಾರಗಳನ್ನೂ ಕಾರಣಗಳಾಗಿ ಎಣಿಸಿದೆ. ಮಧುಮೇಹಿಗೆ ಹುಟ್ಟಿದವನ ರೋಗವು ಬೀಜದೋಷದಿಂದ ಬಂದುದಾದ್ದರಿಂದ ಅಸಾಧ್ಯವೆಂದೂ ಹೇಳಿದೆ.

ಈ ವಿಭಾಗವನ್ನು ಕಂಡು, ಇಂದಿನ ವೈದ್ಯರು ಹೇಳುವ ಮೊದಲನೆಯ ಮತ್ತು ಎರಡನೆಯ ವಿಧದ ಮಧುಮೇಹಗಳೇ ಸುಶ್ರುತನ ಸಹಜ, ಅಪಥ್ಯನಿಮಿತ್ತಗಳೆಂದು ಕೆಲವರು ಸಮೀಕರಿಸುವುದುಂಟು. ಇದು ವಿಚಾರಣೀಯ. ಇನ್ಸುಲಿನ್ ಎಂಬ ದ್ರವ್ಯವು ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬೇರ್ಪಡಿಸಲ್ಪಟ್ಟಿತು. ಅದಕ್ಕೆ ಶರೀರವು ಒಲಿಯುವ ರೋಗಿಗಳು, ಒಲಿಯದ ರೋಗಿಗಳು ಎಂಬ ಭೇದವನ್ನು ೧೯೩೬ರಲ್ಲಿ ಹಿಮ್ಸ್‌ವರ್ತ್ ಎಂಬ ಆಂಗ್ಲ ವೈದ್ಯರು ತೋರಿಸಿದರು. ಇಂದಿನ ವಿಭಾಗವು ಈ ದಾರಿಯಿಂದ ಬೆಳೆದುದು. ಕೃಶತ್ವ, ಸ್ಥೌಲ್ಯಗಳ ಲಕ್ಷಣವು ಎರಡಕ್ಕೂ ಸಮಾನವಾಗಿ ಕಂಡರೂ ವಿಭಾಗದ ಮೂಲತತ್ತ್ವವು ಬೇರೆ. ಅಷ್ಟೇ ಅಲ್ಲ, ಅಪಥ್ಯದಿಂದ ಬರುವುದೆಂದು ತೋರುವ ಎರಡನೆಯ ವಿಧದಲ್ಲಿಯೇ ಕುಲಾನುಬಂಧವು ಬಹಳ ಬಲವಾಗಿರುವುದು. ಆದುದರಿಂದ ಸುಶ್ರುತನ ವಿಭಾಗವನ್ನು ಇಬ್ಬರು ರೋಗಿಗಳ ಹೆಸರೆಂದು ತಿಳಿಯುವುದಕ್ಕಿಂತ, ಒಬ್ಬನೇ ರೋಗಿಯಲ್ಲಿ ಕೂಡಬಹುದಾದ ಎರಡು ಕಾರಣಗಳೆಂದು ತಿಳಿಯುವುದು ಇಂದಿನ ಜ್ಞಾನಕ್ಕೆ ಹೆಚ್ಚು ಸಮೀಪವಾದುದು.

ಮೂರನೆಯ ಕಾರಣವೊಂದೂ ಉಂಟು. ಅಂಕುರವು ಹುಟ್ಟುವುದಕ್ಕೆ ಋತು, ಕ್ಷೇತ್ರ, ನೀರು, ಬೀಜ ಈ ನಾಲ್ಕೂ ಬೇಕಾಗುವಂತೆ ಗರ್ಭಕ್ಕೂ ಬೇಕೆಂದು ಸುಶ್ರುತನು ಶಾರೀರಸ್ಥಾನದಲ್ಲಿ ಹೇಳುತ್ತಾನೆ. ಇದರಲ್ಲಿಯ ಕ್ಷೇತ್ರಕ್ಕೆ ಆಧುನಿಕ ಸಾಕ್ಷ್ಯವು ಕನ್ನಡನಾಡಿನಲ್ಲಿಯೇ ದೊರೆತುದು ಗಮನಾರ್ಹ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಶಿಶುಗಳ ಜನನಕಾಲದ ತೂಕ, ಉದ್ದ ಮೊದಲಾದುವನ್ನು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಆ ಶಿಶುಗಳು ಮಧ್ಯವಯಸ್ಸಿಗೆ ಬಂದಮೇಲೆ, ಅವರಲ್ಲಿ ಸುಮಾರು ೫೦೦ ಮಂದಿಯನ್ನು ಹುಡುಕಿ ಪರೀಕ್ಷಿಸಿ ಫಲವನ್ನು ೧೯೯೮ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಗಿಡ್ಡವಾಗಿದ್ದು ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿಯೂ, ತಾಯಂದಿರು ಹೆಚ್ಚು ತೂಕದವರಾಗಿದ್ದವರಲ್ಲಿಯೂ ಮಧುಮೇಹವು ಅಧಿಕವಾಗಿ ಕಂಡುಬಂದಿತು. ಸೂಲಗಿತ್ತಿಯ ಕೈಯಿಂದ ತಕ್ಕಡಿಗೆ ಬಂದ ಕೂಸಿನ ತೂಕವು ಅರ್ಧ ಶತಮಾನದ ಮೇಲೆ ಸಾಕ್ಷಿಯಾಗಿ ನಿಂತಿತು. ತಾಯಿಯಿಂದ ಮಗುವಿಗೆ ಬರುವುದೆಲ್ಲವೂ ಬೀಜವಲ್ಲ, ಕ್ಷೇತ್ರವೂ ಉಂಟು ಎಂಬುದಕ್ಕೆ ಇದು ಆಧಾರ.

ಬೀಜದ ವಿಷಯದಲ್ಲಿಯೂ ಜ್ಞಾನವು ಬೆಳೆದಿದೆ. ೨೦೦೬ರಲ್ಲಿ ಐಸ್‌ಲೆಂಡಿನ ಸಂಶೋಧಕರು ಟಿ.ಸಿ.ಎಫ್.೭ಎಲ್೨ ಎಂಬ ವಂಶವಾಹಿಯಲ್ಲಿ ಎರಡನೆಯ ವಿಧದ ಮಧುಮೇಹಕ್ಕೆ ಸಂಬಂಧಿಸಿದ ಭೇದವನ್ನು ಕಂಡರು. ಭಾರತೀಯರಲ್ಲಿಯೂ ಅದೇ ಸಂಬಂಧವಿರುವುದು ೨೦೦೭ರಲ್ಲಿ ಸಿದ್ಧವಾಯಿತು. ೨೦೨೪ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ೨೫ ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಹೋಲಿಸಿ, ಈ ರೋಗಕ್ಕೆ ಸಂಬಂಧಿಸಿದ ೬೧೧ ಸ್ಥಾನಗಳನ್ನು ಗುರುತಿಸಿದ್ದಾರೆ. ಒಂದೊಂದರ ಬಲವು ಸ್ವಲ್ಪ; ಕೂಡಿದ ಬಲವು ಗಣನೀಯ. ಆದರೆ ಇವುಗಳಲ್ಲಿ ಯಾವುದೂ ರೋಗವು ಬಂದೇ ತೀರುವುದೆಂದು ವಿಧಿಸುವುದಿಲ್ಲ, ಸಂಭವವನ್ನು ಹೆಚ್ಚಿಸುವುದಷ್ಟೆ. ಚರಕನು ಬೀಜದೋಷವನ್ನು ಹೇಳಿದ ಭಾಗವು ಸ್ಥಿರವಾಗಿ ನಿಂತಿದೆ. ಅಸಾಧ್ಯವೆಂದ ಭಾಗವು ಎರಡನೆಯ ವಿಧದ ವಿಷಯದಲ್ಲಿ ಸಡಿಲವಾಗಿದೆ.

೪

ಇನ್ನು ಕಾಫಿಯ ಪ್ರಸ್ತಾಪ. ಕಾಫಿಯ ಬಗ್ಗೆ ಲೋಕದ ಅಭಿಪ್ರಾಯವು ಬಹುಕಾಲ ನಿಂದೆಯ ಕಡೆಗೇ ಇದ್ದಿತು. ಗಾಂಧೀಜಿಯವರು ೧೯೪೨ರ ಸೆರೆವಾಸದಲ್ಲಿ ಆರೋಗ್ಯದ ವಿಷಯವಾಗಿ ಬರೆದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರನ್ನೂ ಅನಾವಶ್ಯಕವೆಂದೇ ಎಣಿಸಿದರು. ಈ ಅಭಿಪ್ರಾಯಕ್ಕೆ ವಿರುದ್ಧವಾದ ಸಾಕ್ಷ್ಯವು ೨೦೦೨ರಲ್ಲಿ ಹಾಲೆಂಡಿನಿಂದ ಬಂದಿತು. ೧೭,೧೧೧ ಮಂದಿಯನ್ನು ಹಲವು ವರ್ಷ ಅನುಸರಿಸಿ ನೋಡಿದಾಗ, ದಿನಕ್ಕೆ ಏಳು ಅಥವಾ ಹೆಚ್ಚು ಬಟ್ಟಲು ಕಾಫಿ ಕುಡಿಯುವವರಲ್ಲಿ, ಎರಡು ಅಥವಾ ಕಡಮೆ ಬಟ್ಟಲು ಕುಡಿಯುವವರಿಗಿಂತ, ಎರಡನೆಯ ವಿಧದ ಮಧುಮೇಹವು ಅರ್ಧದಷ್ಟು ಮಾತ್ರ ಕಂಡಿತು. ೨೦೦೯ರಲ್ಲಿ ೪,೫೭,೯೨೨ ಮಂದಿಯ ವಿವರಗಳನ್ನು ಕೂಡಿಸಿ ನೋಡಿದಾಗ ಪ್ರತಿಯೊಂದು ಹೆಚ್ಚಿನ ಬಟ್ಟಲಿಗೂ ಶೇಕಡ ೭ರಷ್ಟು ಕಡಮೆಯೆಂದು ಕಂಡಿತು. ೨೦೧೪ರಲ್ಲಿ ೨೮ ಪರಿಶೀಲನೆಗಳನ್ನೂ ೧೧ ಲಕ್ಷ ಜನರನ್ನೂ ಕೂಡಿಸಿದಾಗ ಫಲವು ಅದೇ ದಿಕ್ಕಿನಲ್ಲಿತ್ತು. ಕೆಫೀನನ್ನು ತೆಗೆದ ಕಾಫಿಗೂ ಇದೇ ಸಂಬಂಧವು ಕಂಡುದು ವಿಶೇಷ.

ಆದರೆ ಸಹಚಾರವು ಕಾರಣತ್ವವಲ್ಲ. ಧೂಮವು ಕಂಡಲ್ಲಿ ಅಗ್ನಿಯುಂಟೆಂದು ಹೇಳುವುದಕ್ಕೆ ಮೊದಲು ಉಪಾಧಿಯನ್ನು ಪರೀಕ್ಷಿಸಬೇಕೆಂದು ನೈಯಾಯಿಕರು ವಿಧಿಸುವರು. ಇಲ್ಲಿಯೂ ಉಪಾಧಿಗಳು ಸಂಭವಿಸುವುವು. ದೇಹವು ಸ್ವಸ್ಥವಾಗಿರುವವನು ಕಾಫಿಯನ್ನು ಧಾರಾಳವಾಗಿ ಕುಡಿದಾನು. ಅಸ್ವಸ್ಥತೆಯು ತೋರಿದವನು ವೈದ್ಯರ ಮಾತಿನಿಂದ ಬಿಟ್ಟಾನು. ಆಗ ಕಾಫಿಯು ಆರೋಗ್ಯಕ್ಕೆ ಕಾರಣವಾಗದೆ, ಆರೋಗ್ಯವೇ ಕಾಫಿಗೆ ಕಾರಣವಾಗುವುದು. ಇನ್ನೊಂದು ವಿರೋಧವೂ ಉಂಟು: ಕೆಫೀನನ್ನು ಕೊಟ್ಟು ಕೆಲವು ಗಂಟೆಗಳ ಕಾಲ ಪರೀಕ್ಷಿಸಿದ ಪ್ರಯೋಗಗಳಲ್ಲಿ, ಶರೀರವು ಇನ್ಸುಲಿನ್ನಿಗೆ ಒಲಿಯುವುದು ತತ್ಕಾಲಕ್ಕೆ ಕುಗ್ಗಿದುದು ಕಂಡಿದೆ. ಅಲ್ಪಕಾಲದ ಪ್ರಯೋಗವು ಒಂದನ್ನು ಹೇಳಿದರೆ ದೀರ್ಘಕಾಲದ ಅವಲೋಕನವು ಮತ್ತೊಂದನ್ನು ಹೇಳುತ್ತದೆ.

೫

ಈ ವಿವಾದವನ್ನು ತೀರಿಸುವುದಕ್ಕಾಗಿ ಬೀಜವನ್ನೇ ಸಾಕ್ಷಿಗೆ ಕರೆದರು. ಇದರ ಕ್ರಮವು ಹೀಗೆ. ಕಾಫಿಯ ಕೆಫೀನಿನ ಬಹುಭಾಗವನ್ನು ಯಕೃತ್ತಿನಲ್ಲಿ ಸಿ.ವೈ.ಪಿ.೧ಎ೨ ಎಂಬ ಕಿಣ್ವವು ಕರಗಿಸುವುದು. ಆ ಕಿಣ್ವದ ಪ್ರಮಾಣವನ್ನು ಎ.ಎಚ್.ಆರ್. ಎಂಬ ಮತ್ತೊಂದು ವಂಶವಾಹಿಯು ನಿಯಮಿಸುವುದು. ಇವುಗಳ ಭೇದದಿಂದ ಕೆಲವರು ಕೆಫೀನನ್ನು ಬೇಗ ಕರಗಿಸುವರು, ಕೆಲವರು ನಿಧಾನವಾಗಿ. ಬೇಗ ಕರಗಿಸುವವರು ಹೆಚ್ಚು ಬಟ್ಟಲುಗಳನ್ನು ಕುಡಿಯುವರೆಂದು ಅನೇಕ ದೇಶಗಳ ಪರಿಶೀಲನೆಗಳಿಂದ ತಿಳಿದಿದೆ. ಯಾರಿಗೆ ಯಾವ ಭೇದವು ಬರಬೇಕೆಂಬುದು ಗರ್ಭಾಧಾನದಲ್ಲಿಯೇ ಚೀಟಿ ಎತ್ತಿದಂತೆ ನಿಶ್ಚಿತವಾಗುವುದು. ೧೮೬೬ರಲ್ಲಿ ಪ್ರಕಟವಾದ ಮೆಂಡೆಲನ ನಿಯಮವು ಇದಕ್ಕೆ ಮೂಲ. ಅನಂತರ ಬರುವ ಐಶ್ವರ್ಯ, ದಾರಿದ್ರ್ಯ, ರೋಗ, ರೂಢಿಗಳು ಆ ಚೀಟಿಯನ್ನು ಬದಲಿಸಲಾರವು. ಆದುದರಿಂದ, ಹೆಚ್ಚು ಕಾಫಿಯ ಬೀಜವುಳ್ಳವರಲ್ಲಿ ಮಧುಮೇಹವು ಕಡಮೆಯಾಗಿದ್ದರೆ ಕಾಫಿಯೇ ಕಾರಣವೆಂದು ಹೇಳಲು ಬಲವಾದ ಆಧಾರವಾಗುವುದು.

೨೦೧೫ರಲ್ಲಿ ಡೆನ್ಮಾರ್ಕಿನ ೯೩,೧೭೯ ಮಂದಿಯಲ್ಲಿ ಹೀಗೆ ಪರೀಕ್ಷಿಸಿದರು. ಕಾಫಿಯನ್ನು ಹೆಚ್ಚು ಕುಡಿಯುವವರಲ್ಲಿ ಮಧುಮೇಹವು ಕಡಮೆಯೆಂಬುದು ಅಲ್ಲಿಯೂ ಕಂಡಿತು. ಆದರೆ ಹೆಚ್ಚು ಕುಡಿಯಿಸುವ ಬೀಜವುಳ್ಳವರಲ್ಲಿ ಮಧುಮೇಹವು ಕಡಮೆಯಾಗಿರಲಿಲ್ಲ. ಸಾಕ್ಷಿಯು ಕಾಫಿಯ ಪಕ್ಷವನ್ನು ಸಮರ್ಥಿಸಲಿಲ್ಲ. ಇಲ್ಲಿಗೆ ವಿವಾದವು ಮುಗಿಯಿತೆಂದು ಹಲವರು ತಿಳಿದರು.

ಆದರೆ ೨೦೨೩ರಲ್ಲಿ ಇದೇ ಎರಡು ವಂಶವಾಹಿಗಳನ್ನು ಬೇರೊಂದು ರೀತಿಯಿಂದ ಓದಿದರು. ಬೇಗ ಕರಗಿಸುವವನು ಹೆಚ್ಚು ಬಟ್ಟಲು ಕುಡಿಯುವನೆಂಬುದು ನಿಜ. ಆದರೆ ಕುಡಿದುದು ಬೇಗ ಕರಗಿಹೋಗುವುದರಿಂದ ಅವನ ರಕ್ತದಲ್ಲಿ ಕೆಫೀನು ಕಡಮೆಯಾಗಿಯೇ ನಿಲ್ಲುವುದು. ನಿಧಾನವಾಗಿ ಕರಗಿಸುವವನು ಕಡಮೆ ಕುಡಿದರೂ ರಕ್ತದಲ್ಲಿ ಹೆಚ್ಚು ಕೆಫೀನನ್ನು ಹೊಂದಿರುವನು. ಬಟ್ಟಲಿನ ಲೆಕ್ಕವನ್ನು ಬಿಟ್ಟು ರಕ್ತದ ಲೆಕ್ಕವನ್ನು ಹಿಡಿದಾಗ, ಕೆಫೀನು ಹೆಚ್ಚಾಗಿ ನಿಲ್ಲುವ ಬೀಜವುಳ್ಳವರಲ್ಲಿ ದೇಹದ ತೂಕವೂ ಎರಡನೆಯ ವಿಧದ ಮಧುಮೇಹವೂ ಕಡಮೆಯೆಂದು ಕಂಡಿತು. ಮಧುಮೇಹದ ಇಳಿತದಲ್ಲಿ ಅರ್ಧಕ್ಕೆ ಸಮೀಪವಾದ ಭಾಗವು ತೂಕದ ಇಳಿತದಿಂದಲೇ ಆದುದೆಂದು ಗಣಿಸಿದರು.

ಒಂದೇ ಓಲೆಯ ಅಕ್ಷರಗಳನ್ನು ಪದವಿಭಾಗವನ್ನು ಬದಲಿಸಿ ಓದಿದರೆ ಅರ್ಥವು ತಿರುಗುವುದು ಗ್ರಂಥಸಂಪಾದಕರಿಗೆ ಪರಿಚಿತವಾದ ವಿಷಯ. ಇಲ್ಲಿಯೂ ಸಾಕ್ಷಿಯು ಸುಳ್ಳು ಹೇಳಲಿಲ್ಲ, ಪ್ರಶ್ನೆಯು ಬೇರೆಯಾಯಿತು. ಮೊದಲನೆಯ ಪರಿಶೀಲನೆಯು ಹೆಚ್ಚು ಕುಡಿಯುವುದರ ಫಲವನ್ನು ಕೇಳಿತು. ಎರಡನೆಯದು ಕೆಫೀನು ಶರೀರದಲ್ಲಿ ನಿಲ್ಲುವುದರ ಫಲವನ್ನು ಕೇಳಿತು. ಆದುದರಿಂದ ಮೊದಲನೆಯದು ಕಾಫಿಯು ನಿಷ್ಫಲವೆಂದು ಸಾಧಿಸಿದಂತೆಯೂ ಆಗಲಿಲ್ಲ. ಎರಡನೆಯದು ಬಟ್ಟಲುಗಳನ್ನು ಹೆಚ್ಚಿಸಿರೆಂದು ಉಪದೇಶಿಸಿದಂತೆಯೂ ಆಗಲಿಲ್ಲ. ಕೆಫೀನಿಲ್ಲದ ಕಾಫಿಯಲ್ಲಿ ಕಂಡ ಸಂಬಂಧಕ್ಕೆ ಈ ಎರಡರಲ್ಲಿಯೂ ಉತ್ತರವಿಲ್ಲ. ಅಲ್ಲಿ ಕಾಫೀಬೀಜದ ಇತರ ದ್ರವ್ಯಗಳ ವಿಚಾರವು ಬರುವುದು.

೬

ಈ ಸಾಕ್ಷ್ಯದ ಬಹುಭಾಗವು ಯೂರೋಪು ಅಮೆರಿಕಗಳದು. ಅಲ್ಲಿಯ ಕಾಫಿಯು ಸಾಮಾನ್ಯವಾಗಿ ನೀರಿನ ಕಷಾಯ. ಹಾಲು ಸಕ್ಕರೆಗಳನ್ನು ಸೇರಿಸಿದರೂ ಸ್ವಲ್ಪ. ಕನ್ನಡನಾಡಿನ ಕಾಫಿಯಲ್ಲಿ ಗಟ್ಟಿಯಾದ ಕಷಾಯವು ಕಡಮೆ, ಹಾಲು ಹೆಚ್ಚು, ಸಕ್ಕರೆಯು ಯಥೇಚ್ಛ. ಪುಡಿಯಲ್ಲಿ ಚಿಕೋರಿಯ ಬೇರೂ ಬೆರೆತಿರುವುದು, ಅದರಲ್ಲಿ ಕೆಫೀನಿಲ್ಲ. ಹಾಲೆಂಡಿನ ಏಳು ಬಟ್ಟಲನ್ನು ಮೈಸೂರಿನ ಏಳು ಲೋಟವೆಂದು ಭಾಷಾಂತರಿಸಿದರೆ, ಔಷಧವೆಂದು ತಿಳಿದುದರ ಜೊತೆಗೆ ಏಳು ಸಾರಿ ಸಕ್ಕರೆಯನ್ನು ತೆಗೆದುಕೊಂಡಂತಾಗುವುದು. ಬೆಲ್ಲದ ವಿಕಾರಗಳನ್ನೂ ಹಾಲನ್ನೂ ನಿದಾನಗಳಲ್ಲಿ ಎಣಿಸಿದ ಚರಕನ ಮುಂದೆ ಅದನ್ನು ಇಟ್ಟರೆ ಯಾವ ವರ್ಗದಲ್ಲಿ ಸೇರಿಸುತ್ತಿದ್ದನೆಂದು ಕೇಳಬೇಕಾಗಿಲ್ಲ.

ಮೇಡ್ಲೇರಿಯ ಸೀಮೆಗೆ ಈ ಎಚ್ಚರಿಕೆಯು ಇನ್ನೂ ಹೆಚ್ಚಾಗಿ ಸಲ್ಲುವುದು. ಅಲ್ಲಿಯ ಚಹಾದಲ್ಲಿಯೂ ಕೆಫೀನುಂಟು. ಅದನ್ನು ಕರಗಿಸುವುದೂ ಅದೇ ಕಿಣ್ವವೇ. ಆದರೆ ಕಾಫಿಯ ಪರಿಶೀಲನೆಯ ಫಲವನ್ನು, ಹಾಲು ಸಕ್ಕರೆಗಳಲ್ಲಿ ಕುದಿಸಿದ ಚಹಾಕ್ಕೆ ಅನ್ವಯಿಸುವುದಕ್ಕೆ ಆಧಾರವಿಲ್ಲ. ಚಹಾವನ್ನು ಬಿಟ್ಟು ಕಾಫಿಯನ್ನು ಹಿಡಿಯಬೇಕೆಂದು ಹೇಳುವುದಕ್ಕಂತೂ ಮೊದಲೇ ಇಲ್ಲ. ಕುಲದಲ್ಲಿ ಮಧುಮೇಹವಿರುವವನು ಬಟ್ಟಲನ್ನು ನಂಬಿ ನಿಶ್ಚಿಂತನಾದರೆ ನಷ್ಟವು ಅವನದೇ.

ಹಾಗಾದರೆ ಬೀಜದೋಷವುಳ್ಳವನಿಗೆ ದಾರಿಯೇನು? ಇಲ್ಲಿ ಅವಲೋಕನವಲ್ಲ, ಪ್ರಯೋಗವೇ ಉತ್ತರ ಕೊಟ್ಟಿದೆ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ೩,೨೩೪ ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಆಹಾರನಿಯಮವನ್ನೂ ವ್ಯಾಯಾಮವನ್ನೂ ಕಲಿಸಿದಾಗ, ಆ ಗುಂಪಿನಲ್ಲಿ ರೋಗವು ಶೇಕಡ ೫೮ರಷ್ಟು ಕಡಮೆಯಾಯಿತೆಂದು ೨೦೦೨ರಲ್ಲಿ ವರದಿಯಾಯಿತು. ಚೆನ್ನೈಯಲ್ಲಿ ೫೩೧ ಮಂದಿಯೊಡನೆ ನಡೆದು ೨೦೦೬ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗದಲ್ಲಿ ಇಂಥ ನಿಯಮದಿಂದ ಶೇಕಡ ೨೮.೫ರಷ್ಟು ಕಡಮೆಯಾಯಿತು. ಸುಶ್ರುತನು ನಿರ್ಧನನಾದ ರೋಗಿಗೆ ಹೇಳಿದ ಚಿಕಿತ್ಸೆಯು ಈ ಪ್ರಸಂಗದಲ್ಲಿ ಸ್ಮರಣೀಯ. ಕೊಡೆ ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನದಿಂದ ಜೀವಿಸುತ್ತ, ನೂರು ಯೋಜನ ನಡೆಯಬೇಕು. ಇಲ್ಲವೆ ಬಾವಿಯನ್ನು ತೋಡಬೇಕು. ಆಹಾರದಲ್ಲಿ ಯವ, ಶ್ಯಾಮಾಕ, ಕೋದ್ರವಗಳಂಥ ಒರಟು ಧಾನ್ಯಗಳಿಗೆ ಆಯುರ್ವೇದವು ಪ್ರಾಧಾನ್ಯವನ್ನು ಕೊಟ್ಟಿದೆ. ಬಾವಿಯನ್ನು ತೋಡುವುದೂ ದೂರ ನಡೆಯುವುದೂ ಜೋಳದ ರೊಟ್ಟಿಯನ್ನು ತಿನ್ನುವುದೂ ರಾಣೇಬೆನ್ನೂರು ಬ್ಯಾಡಗಿ ಸೀಮೆಯ ಹಿರಿಯರಿಗೆ ಚಿಕಿತ್ಸೆಯಾಗಿರಲಿಲ್ಲ, ಜೀವನವಾಗಿತ್ತು. ಅದು ಕಡಮೆಯಾದ ಮೇಲೆ ಬೀಜದಲ್ಲಿ ಮರೆಯಾಗಿದ್ದುದು ಮೊಳೆಯಲು ಅವಕಾಶವಾಯಿತೆಂದು ಊಹಿಸುವುದು ಅಸಂಗತವಲ್ಲ.

ಒಟ್ಟಿನಲ್ಲಿ ಈ ವಿಚಾರದಿಂದ ತಿಳಿಯುವುದು ಇಷ್ಟು. ಕಾಫಿಯನ್ನು ಕುಡಿಯುವವರಲ್ಲಿ ಎರಡನೆಯ ವಿಧದ ಮಧುಮೇಹವು ವಿರಳವೆಂಬ ಅವಲೋಕನವು ದೃಢವಾದುದು. ಕಾಫಿಯೇ ಅದಕ್ಕೆ ಕಾರಣವೆಂಬ ನಿರ್ಣಯವು ದೃಢವಲ್ಲ. ಬೀಜವು ಈ ವಿಷಯದಲ್ಲಿ ಸಾಕ್ಷಿಯೇ ಹೊರತು ನ್ಯಾಯಾಧಿಪತಿಯಲ್ಲ; ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುವುದು. ಮನುಷ್ಯನ ಆಯುಷ್ಯದ ಮೇಲೆಯೂ ಅದರ ಅಧಿಕಾರವು ಅಷ್ಟೇ. ಸಕ್ಕರೆಯನ್ನು ಮಿತವಾಗಿಟ್ಟು ಕಾಫಿಯನ್ನಾಗಲಿ ಚಹಾವನ್ನಾಗಲಿ ಕುಡಿಯುವವನಿಗೆ ಶಾಸ್ತ್ರದ ನಿಷೇಧವಿಲ್ಲ. ಆದರೆ ಅದನ್ನು ಔಷಧವೆಂದು ಎಣಿಸಿ, ರಕ್ತಪರೀಕ್ಷೆಯನ್ನೂ ಪಥ್ಯವನ್ನೂ ನಡಿಗೆಯನ್ನೂ ಬಿಡುವುದಕ್ಕೆ ಪ್ರಾಚೀನರ ಸಮ್ಮತಿಯೂ ಇಲ್ಲ, ಆಧುನಿಕರ ಸಮ್ಮತಿಯೂ ಇಲ್ಲ.